ನೀಲಿ ಮ್ಯಾಟಿನ ಮೂಲೆಯ ಕೆಂಪು ಹೊಲಿಗೆ

ಹೇಳಿಕೆ ಕೊಡುತ್ತಿರುವವನ ಹೆಸರು ಮತ್ತು ತಂದೆಯ ಹೆಸರನ್ನು ಮೇಲಿನ ಖಾನೆಯಲ್ಲಿ ತುಂಬಿಸಿರುತ್ತೇನೆ. ಆದರೆ ಆ ಹೆಸರು ಹಿಡಿದು ವಿಚಾರಿಸಿದರೆ ನಮ್ಮ ಬೀದಿಯಲ್ಲಿ ಯಾರೂ ಮನೆ ತೋರಿಸುವುದಿಲ್ಲ. ಸೀಟು ಮೇಷ್ಟ್ರು ಎಂದು ಕೇಳಬೇಕು. ವಯಸ್ಸು 43 ವರ್ಷ. ಕಸುಬು, ಬಸ್ಸು, ಲಾರಿ, ಕಾರುಗಳ ಸೀಟಿಗೆ ಫೋಮ್ ಕೂರಿಸಿ ರೆಕ್ಸಿನ್ ಹೊಲಿಯುವುದು. ವಾಸ, ಬಸ್ ಡಿಪೋದ ಹಿಂದಿನ ಎರಡನೇ ಅಡ್ಡರಸ್ತೆ, ಬಾಗಿಲು ಸಂಖ್ಯೆ 31, ಕೆಳಗೆ ಅಂಗಡಿ, ಮೇಲೆ ಮನೆ.

ಈ ಮೂಲಕ ತಿಳಿಸುವುದೇನೆಂದರೆ, ಇಂದು ಭಾನುವಾರ ಮಧ್ಯಾಹ್ನ 3-20 ಗಂಟೆಗೆ ನಾನೇ ನಡೆದು ಠಾಣೆಗೆ ಬಂದು ಹೇಳುತ್ತಿದ್ದೇನೆ. ಯಾರೂ ಹಿಡಿದು ತಂದಿಲ್ಲ. ನನ್ನ ಮೇಲೆ ಜಿಮ್ನಾಸ್ಟಿಕ್ಸ್ ಸಂಘದ ಕಾರ್ಯದರ್ಶಿಯವರು ಎರಡು ಆಪಾದನೆ ಬರೆದುಕೊಟ್ಟಿರುತ್ತಾರೆ. ಒಂದು, ಮಕ್ಕಳ ಸ್ಪರ್ಧೆ ನಡೆಯುತ್ತಿರುವಾಗ ಚಾಕುವಿನಿಂದ ಸಂಘದ ಮ್ಯಾಟ್ ಕೊಯ್ದದ್ದು. ಎರಡು, ಉದ್ಘಾಟನೆಗೆಂದು ಕಟ್ಟಿದ್ದ ರಿಬ್ಬನ್ ಅನಧಿಕೃತವಾಗಿ ಕತ್ತರಿಸಿದ್ದು. ಮೊದಲನೆಯದು ನಿಜ. ಎರಡನೆಯದಕ್ಕೆ ಆಮೇಲೆ ಬರುತ್ತೇನೆ. ಸಂಕ್ಷಿಪ್ತವಾಗಿ ಹೇಳಿ ಎಂದು ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೇಬಲ್ ಹೇಳಿದರು. ಸಂಕ್ಷಿಪ್ತವಾಗಿ ಹೊಲಿದದ್ದಕ್ಕೇ ಇಷ್ಟೆಲ್ಲ ಆಗಿರುವುದರಿಂದ ಪೂರ್ತಿಯಾಗಿ ಹೇಳುತ್ತೇನೆ ಎಂದು ನಾನು ಹೇಳಿದೆ.

ನನಗೆ ಒಬ್ಬಳೇ ಮಗಳು, ವಯಸ್ಸು 11, ಆರನೇ ತರಗತಿ. ಮನೆಯಲ್ಲಿ ಮಿಡತೆ ಎಂದು ಕರೆಯುತ್ತೇವೆ. ನಾಲ್ಕು ವರ್ಷದವಳಿದ್ದಾಗಲೇ ಅಂಗಡಿಯಲ್ಲಿ ಪೇರಿಸಿಟ್ಟ ಬಸ್ ಸೀಟುಗಳ ಮೇಲೆ ಹತ್ತಿ ಲಾಗ ಹಾಕುತ್ತಿದ್ದಳು. ಒಮ್ಮೆ ಒಬ್ಬ ಲಾರಿ ಮಾಲೀಕರ ತೊಡೆಯ ಮೇಲೆಯೇ ಬಂದು ಇಳಿದಳು. ಅವರೇ, ಈ ಹುಡುಗಿಯನ್ನು ಎಲ್ಲಾದರೂ ಸರಿಯಾದ ಕಡೆ ಸೇರಿಸಿ ಮೇಷ್ಟ್ರೇ ಎಂದು ಹೇಳಿದ್ದು. ಆರನೇ ವಯಸ್ಸಿನಿಂದ ಕೋಚ್ ಮೇಡಂ ಬಳಿ ಜಿಮ್ನಾಸ್ಟಿಕ್ಸ್ ಕಲಿಯುತ್ತಿರುತ್ತಾಳೆ. ವಾರಕ್ಕೆ ಆರು ದಿನ, ದಿನಕ್ಕೆ ಮೂರು ತಾಸು.

ನನ್ನ ಹೆಂಡತಿ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಮಾಡುತ್ತಾಳೆ, 16 ವರ್ಷದ ಸರ್ವಿಸ್. ಬೆಳಿಗ್ಗೆಯಿಂದ ಸಂಜೆಯವರೆಗೆ ಅವಳು ನೋಡುವುದು ಮುರಿದ ಮೂಳೆ. ಹೀಗಾಗಿ ಮಗಳು ಹಾರುವುದನ್ನು ಅವಳು ಈವರೆಗೆ ಒಮ್ಮೆಯೂ ಕಣ್ಣುಬಿಟ್ಟು ನೋಡಿದವಳಲ್ಲ. ಸ್ಪರ್ಧೆಗಳಿಗೆ ತಪ್ಪದೆ ಬರುತ್ತಾಳೆ. ಮಗಳ ಸರದಿ ಬಂದ ಕೂಡಲೇ ಮುಖ ತಿರುಗಿಸಿ ಕ್ರೀಡಾಂಗಣದ ಹಾಲಿನ ಕಿಟಕಿ ಎಣಿಸುತ್ತಾಳೆ. ಇಂದು ಸ್ಪರ್ಧೆ ನಡೆದ ಹಾಲಿನಲ್ಲಿ ಒಟ್ಟು 22 ಕಿಟಕಿ ಇವೆ, ಅದರಲ್ಲಿ ಮೂರಕ್ಕೆ ಗಾಜಿಲ್ಲ ಎಂಬುದು ನನಗೆ ಅವಳಿಂದಲೇ ಗೊತ್ತು.

ಪ್ರತಿ ವರ್ಷ ಸಂಘದವರು ಒಂದು ಒಪ್ಪಿಗೆ ಪತ್ರ ಕೊಡುತ್ತಾರೆ. ಈ ಕ್ರೀಡೆಯಲ್ಲಿ ಗಾಯ, ಮೂಳೆ ಮುರಿತ, ಅಪರೂಪಕ್ಕೆ ಶಾಶ್ವತ ಅಂಗವೈಕಲ್ಯ ಉಂಟಾಗಬಹುದೆಂದು ತಿಳಿದು ಒಪ್ಪಿರುತ್ತೇವೆ ಎಂದು ಅದರಲ್ಲಿ ಇರುತ್ತದೆ. ಕೆಳಗೆ ಎರಡು ಗೆರೆ, ತಂದೆಯ ಸಹಿ, ತಾಯಿಯ ಸಹಿ. ಐದು ವರ್ಷ ನಾನೊಬ್ಬನೇ ಸಹಿ ಹಾಕಿರುತ್ತೇನೆ. ತಾಯಿಯ ಗೆರೆ ಖಾಲಿ. ಇದುವರೆಗೆ ಒಬ್ಬರದಿದ್ದರೂ ನಡೆಯುತ್ತಿತ್ತು. ಈ ಸಲ ಮಿಡತೆ ಮೇಲಿನ ಹಂತದ ತರಬೇತಿ ಶಿಬಿರಕ್ಕೆ ಆಯ್ಕೆಯಾಗಿರುವುದರಿಂದ ಇಬ್ಬರ ಸಹಿಯೂ ಬೇಕೆಂದು, ಇಂದು ಸಂಜೆ 6 ಗಂಟೆಯೊಳಗೆ ಪತ್ರ ತಲುಪದಿದ್ದರೆ ಜಾಗ ಬೇರೆಯವರಿಗೆ ಹೋಗುತ್ತದೆಂದು ಕೋಚ್ ಮೇಡಂ ಹದಿನೈದು ದಿನದ ಹಿಂದೆಯೇ ತಿಳಿಸಿದ್ದರು.

ಹದಿನೈದು ದಿನವೂ ಆ ಪತ್ರ ಅಡುಗೆಮನೆಯ ಶೆಲ್ಫಿನ ಮೇಲೆ ಇತ್ತು. ಹೋದ ವರ್ಷ ಮಗಳ ಎಡಗೈ ಮಣಿಕಟ್ಟು ನೋವಾಗಿ ಎಂಟು ವಾರ ಪಟ್ಟಿ ಕಟ್ಟಿತ್ತು. ಆಗಿನ ಎಕ್ಸ್‌ರೇ ತೆಗೆದದ್ದು ಹೆಂಡತಿಯೇ. ಆ ಫಿಲ್ಮನ್ನು ತಂದು ಅಡುಗೆಮನೆಯ ಕಿಟಕಿಗೆ ಹಿಡಿದು, "ನೋಡ್ರೀ, ಈ ಸಣ್ಣ ಗೆರೆ ಕಾಣ್ತಿದೆಯಲ್ಲ, ಇದು ಮೂಳೆ ಬೆಳೆಯೋ ಜಾಗ. ಇಲ್ಲಿ ಪೆಟ್ಟು ಬಿದ್ರೆ ಕೈ ಬೆಳೆಯೋದೇ ನಿಂತ್ ಹೋಗ್ಬಹುದು. ಹೊರಗಿಂದ ನೋಡಿದ್ರೆ ಏನೂ ಗೊತ್ತಾಗಲ್ಲ. ಒಳಗೆ ನೋಡ್ಬೇಕು" ಎಂದಳು. ರಸ್ತೆಯಲ್ಲಿ ನಡೆಯುವವರಿಗೂ ಏಟಾಗುತ್ತದಲ್ಲ ಎಂದು ನಾನು ಹೇಳಿದೆ. "ರಸ್ತೇಲಿ ನಡೆಯೋರು ತಲೆಕೆಳಗಾಗಿ ನಡೆಯಲ್ಲ" ಎಂದಳು.

ಮೊನ್ನೆ ಶುಕ್ರವಾರ ಊಟಕ್ಕೆ ಕೂತಾಗ ಮಾತಿಗೆ ಮಾತು ಬೆಳೆಯಿತು. ಮಿಡತೆ ತಟ್ಟೆ ಪಕ್ಕಕ್ಕೆ ಸರಿಸಿ, "ನನ್ನ ಕೈಕಾಲಿನ ಬಗ್ಗೆ ಮಾತಾಡ್ತಿದೀರಲ್ಲ, ನನ್ನನ್ನೂ ಒಂದ್ಸಲ ಕೇಳಿ" ಎಂದಳು. ಹೆದರಿಕೆ ಆಗುವುದಿಲ್ಲವೇ ಎಂದು ತಾಯಿ ಕೇಳಿದಳು. "ಆಗತ್ತಮ್ಮ. ಓಡೋವಾಗ ಆಗತ್ತೆ. ಹಾರಿದ್ಮೇಲೆ ಹೆದರಿಕೆಗೆ ಟೈಮೇ ಇರಲ್ಲ" ಎಂದಳು. ಆಮೇಲೆ ಹೆಂಡತಿ, ಭಾನುವಾರದ ಸ್ಪರ್ಧೆ ಮುಗಿಯಲಿ, ಆಮೇಲೆ ಸಹಿಯ ವಿಚಾರ ಎಂದಳು. ಜೊತೆಗೆ ಒಂದು ಷರತ್ತು ಹಾಕಿದಳು. ಮಗಳು ಇಳಿಯುವ ಮ್ಯಾಟನ್ನು ನಾನು ನನ್ನ ಮೊಣಕಾಲೂರಿ ಪರೀಕ್ಷೆ ಮಾಡಿ, ಸರಿಯಿದೆ ಎಂದು ಕೈಸನ್ನೆ ಮಾಡಬೇಕು. ಮಾಡದಿದ್ದರೆ ಮಗಳನ್ನು ಅಲ್ಲಿಂದಲೇ ಎತ್ತಿಕೊಂಡು ಬರುವುದಾಗಿ ತಿಳಿಸಿದಳು. ನಾನು ಒಪ್ಪಿದೆ.

ಮೊಣಕಾಲು ಪರೀಕ್ಷೆ ಎಂದರೆ ನಮ್ಮ ಕಸುಬಿನದು. ಫೋಮಿನ ನಡುವೆ ಒಂದು ಮೊಣಕಾಲೂರಿ ಪೂರ್ತಿ ಭಾರ ಬಿಟ್ಟು ಮೂರು ಎಣಿಸಬೇಕು. ನನ್ನ ತೂಕ 82 ಕೆ.ಜಿ. ಜೀವವಿರುವ ಫೋಮ್ ಬುಸ್ ಎಂದು ಉಸಿರು ಬಿಟ್ಟು ಕೆಳಗಿಳಿಯುತ್ತದೆ, ಕಾಲೆತ್ತಿದರೆ ಮೇಲೆ ಬರುತ್ತದೆ. ಸತ್ತ ಫೋಮ್ ಕೂತಲ್ಲೇ ಕೂರುತ್ತದೆ. ಅಂಚಿನಲ್ಲಿ ಒತ್ತಿ ನೋಡಿದರೆ ಗೊತ್ತಾಗುವುದಿಲ್ಲ, ಸಾಯುವುದು ನಡುವಿನಲ್ಲಿ.

ಇನ್ನು ನಾನು ಮಾಡಿದ ತಪ್ಪನ್ನು ಹೇಳುತ್ತೇನೆ. ಇದನ್ನು ಕಾರ್ಯದರ್ಶಿಯವರ ದೂರಿನಲ್ಲಿ ಬರೆದಿಲ್ಲ, ನಾನೇ ಬರೆಸುತ್ತಿದ್ದೇನೆ. ಐದು ತಿಂಗಳ ಹಿಂದೆ ಸಂಘದ ಕಡೆಯಿಂದ ಒಂದು ವ್ಯಾನಿನಲ್ಲಿ ನಾಲ್ಕು ಹಳೆಯ ಮ್ಯಾಟ್ ನನ್ನ ಅಂಗಡಿಗೆ ಬಂದವು. ಉದ್ದ ಆರೂವರೆ ಅಡಿ, ಅಗಲ ನಾಲ್ಕಡಿ, ದಪ್ಪ ಎಂಟು ಇಂಚು. ಮೇಲಿನ ರೆಕ್ಸಿನ್ ಹರಿದು ಚಿಂದಿಯಾಗಿತ್ತು. ಒಳಗೆಲ್ಲ ಗಟ್ಟಿಮುಟ್ಟಾಗಿದೆ, ಮೇಲಿನ ಚರ್ಮ ಮಾತ್ರ ಹೊಸದು ಹಾಕಿಕೊಡಿ ಎಂದು ಕಾರ್ಯದರ್ಶಿಯವರು ಫೋನಿನಲ್ಲಿ ಹೇಳಿದರು. ನಮ್ಮಪ್ಪನ ಕಾಲದಿಂದಲೂ ನಮ್ಮ ಅಂಗಡಿಯ ಕಟ್ಟುನಿಟ್ಟು ಏನೆಂದರೆ, ಒಳಗಿನ ಬಿಳಿ ಬಟ್ಟೆಯ ಚೀಲ ಬಿಚ್ಚಿ ಫೋಮ್ ನೋಡದೆ ಹೊಸ ಚರ್ಮ ಹೊಲಿಯಬಾರದು. ಆ ವಾರ ನನ್ನ ತಲೆಯ ಮೇಲೆ 44 ಬಸ್ ಸೀಟುಗಳ ಕೆಲಸ ಕೂತಿತ್ತು. ಅಂಚಿನಲ್ಲಿ ಅಂಗೈಯಿಂದ ಒತ್ತಿ ನೋಡಿದೆ, ಗಟ್ಟಿ ಇತ್ತು. ಚೀಲ ಬಿಚ್ಚಲಿಲ್ಲ. ನೀಲಿ ರೆಕ್ಸಿನ್ ಹಾಕಿ, ಎರಡೆಳೆ ದಾರದಲ್ಲಿ ಹೊಲಿದು, ಒರೆಸಿ, ಫಳಫಳ ಹೊಳೆಯುವಂತೆ ಕಳಿಸಿಕೊಟ್ಟೆ.

ನಮ್ಮಪ್ಪ ಕಲಿಸಿದ ಇನ್ನೊಂದು ಪದ್ಧತಿ ಇದೆ. ಯಾವ ಕೆಲಸವೇ ಇರಲಿ, ಮುಗಿದ ಮೇಲೆ ಎಡಮೂಲೆಯಲ್ಲಿ ಕೆಂಪು ದಾರದಿಂದ ಒಂದೇ ಒಂದು ಅಡ್ಡ ಹೊಲಿಗೆ ಹಾಕುವುದು. ಮುಂದೆ ಅದು ಹಾಳಾಗಿ ವಾಪಸು ಬಂದರೆ, ನಂದಲ್ಲ ಎಂದು ಹೇಳುವ ಹಾಗಿರಬಾರದು ಎಂಬುದಕ್ಕೆ. ಆ ನಾಲ್ಕು ಮ್ಯಾಟಿಗೂ ಕೆಂಪು ಹೊಲಿಗೆ ಹಾಕಿದ್ದೆ.

ಇಂದು ಬೆಳಿಗ್ಗೆ 8-50 ಗಂಟೆಗೆ ನಾವು ಮೂವರೂ ಕ್ರೀಡಾಂಗಣದ ಹಾಲಿಗೆ ತಲುಪಿದೆವು. ಪೋಷಕರು ಒಳಗೆ ಬಾರದಂತೆ ಹಗ್ಗ ಕಟ್ಟಿದ್ದರು. ಹಗ್ಗದಿಂದ ವಾಲ್ಟ್‌ನ ಮ್ಯಾಟಿಗೆ ಸುಮಾರು ಇಪ್ಪತ್ತು ಅಡಿ. ವಾಲ್ಟ್ ಎಂದರೆ, 25 ಮೀಟರ್ ಓಡಿ ಬಂದು, ಸ್ಪ್ರಿಂಗ್ ಹಲಗೆ ತುಳಿದು, ಎದೆಮಟ್ಟದ ಮೇಜಿನ ಮೇಲೆ ಕೈ ಊರಿ, ಗಾಳಿಯಲ್ಲಿ ಲಾಗ ಹಾಕಿ ಆಚೆ ಬದಿಯ ಮ್ಯಾಟಿನ ಮೇಲೆ ನಿಲ್ಲುವುದು. 9-15ಕ್ಕೆ ನಾನು ಕಾರ್ಯದರ್ಶಿಯವರ ಬಳಿ ಹೋಗಿ, ಎರಡು ನಿಮಿಷ ಒಳಗೆ ಬಿಟ್ಟರೆ ಮ್ಯಾಟ್ ಒತ್ತಿ ನೋಡುತ್ತೇನೆ ಎಂದು ಕೇಳಿದೆ. "ಎಲ್ಲ ಹೊಸದು ಕಣ್ರೀ. ಹೊಳೀತಾ ಇರೋದು ಕಾಣಲ್ವಾ?" ಎಂದರು. ಕಂಡಿತು. ನೀಲಿ ರೆಕ್ಸಿನ್ ಲೈಟಿನ ಕೆಳಗೆ ಹೊಳೆಯುತ್ತಿತ್ತು. ಹೊಸದು ಎಂದ ಮೇಲೆ ಇವು ನಾನು ಹೊಲಿದವಲ್ಲ ಎಂದುಕೊಂಡು, ನನ್ನ ಕೈಕೆಲಸದ ಹಾಗೆಯೇ ಇದೆಯಲ್ಲ ಎಂದು ಒಳಗೊಳಗೇ ಬೀಗಿದೆ. ಅಲ್ಲಿಂದ ಹಿಂದಕ್ಕೆ ತಿರುಗಿ, ಗ್ಯಾಲರಿಯ ಮೂರನೇ ಸಾಲಿನಲ್ಲಿ ಕೂತಿದ್ದ ಹೆಂಡತಿಗೆ ಸರಿಯಿದೆ ಎಂದು ಹೆಬ್ಬೆರಳೆತ್ತಿ ತೋರಿಸಿದೆ. ಮೊಣಕಾಲೂರದೆ ಹೇಳಿದ ಸುಳ್ಳು ಅದು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳಿಗೆ ನಾನು ಹೇಳಿದ ಸುಳ್ಳುಗಳಲ್ಲಿ ಇದೊಂದಕ್ಕೆ ಮಾತ್ರ ನನಗೆ ನಾಚಿಕೆಯಿದೆ.

10-40 ಗಂಟೆಗೆ ವಾಲ್ಟ್ ಶುರುವಾಯಿತು. ಮಿಡತೆಯ ಸರದಿ ನಾಲ್ಕನೆಯದು. ಮೊದಲು ಓಡಿದ್ದು ನಮ್ಮ ಬೀದಿಗೆ ಅಂಚೆ ತರುವ ಅಂಚೆಯಣ್ಣನ ಮಗಳು, 12 ವರ್ಷ. ಚೆನ್ನಾಗಿಯೇ ಹಾರಿದಳು. ಇಳಿದಾಗ ಬುಸ್ ಎನ್ನಲಿಲ್ಲ, ಧಡ್ ಎಂದಿತು. ಬೇರೆಯವರಿಗೆ ಅದು ಕೇಳಿಸಿರಲಾರದು, ಚಪ್ಪಾಳೆ ತಟ್ಟುತ್ತಿದ್ದರು. 26 ವರ್ಷ ಫೋಮಿನ ಜೊತೆ ಬದುಕಿದ ನನಗೆ ಅದು ಮ್ಯಾಟಿನ ಸದ್ದಲ್ಲ, ನೆಲದ ಸದ್ದು ಎಂದು ತಿಳಿಯಿತು. ಹುಡುಗಿ ನಕ್ಕು ಕೈಯೆತ್ತಿದಳು, ಎರಡು ಹೆಜ್ಜೆ ನಡೆದಳು, ಮೂರನೇ ಹೆಜ್ಜೆಗೆ ಬಲಗಾಲು ಎತ್ತಿಕೊಂಡು ಕೂತಳು.

10-52ಕ್ಕೆ ನಾನು ಹಗ್ಗ ದಾಟಿದೆ. ಕೆಂಪು ಅಂಗಿಯ ಇಬ್ಬರು ಸ್ವಯಂಸೇವಕರು ತಡೆದರು, ನಾನು ನಿಲ್ಲಲಿಲ್ಲ. ಮ್ಯಾಟಿನ ನಡುವೆ ಮೊಣಕಾಲೂರಿದೆ. ಮೂರು ಎಣಿಸಬೇಕಾಗಿಯೇ ಬರಲಿಲ್ಲ. ಒಂದಕ್ಕೇ ನನ್ನ ಮೊಣಕಾಲ ಚಿಪ್ಪು ಹಾಲಿನ ನೆಲಕ್ಕೆ ಬಡಿಯಿತು. ನೋವಿಗೆ ಅಮ್ಮಾ ಎಂದು ಬಗ್ಗಿದಾಗ ಎಡಮೂಲೆ ಕಣ್ಣಿಗೆ ಬಿತ್ತು. ಅಲ್ಲಿ ಕೆಂಪು ದಾರದ ಅಡ್ಡ ಹೊಲಿಗೆ ಇತ್ತು.

ಆ ಗಳಿಗೆಯಲ್ಲಿ ಏನನ್ನಿಸಿತು ಎಂದು ಹೆಡ್ ಕಾನ್‌ಸ್ಟೇಬಲ್ ಕೇಳಿದರು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು. ಹಾಗೆಯೇ ಬರೆದುಕೊಳ್ಳಿ.

ನನ್ನ ಬೀಗದ ಕೈ ಗೊಂಚಲಿನಲ್ಲಿ ಹೊಲಿಗೆ ಬಿಚ್ಚುವ ಸಣ್ಣ ಚಾಕು ಯಾವಾಗಲೂ ಇರುತ್ತದೆ. ಅಲಗು ಒಂದೂವರೆ ಇಂಚು. ದೂರಿನಲ್ಲಿ ಹರಿತವಾದ ಆಯುಧ ಎಂದು ಬರೆದಿದೆ. ಅದನ್ನು ಈಗ ಠಾಣೆಯ ಇನ್‌ಸ್ಪೆಕ್ಟರ್ ಸಾಹೇಬರ ಮೇಜಿನ ಮೇಲೆ ಇಟ್ಟಿದ್ದೇನೆ, ಅವರು ಅದರಿಂದ ಲಕೋಟೆ ಬಿಚ್ಚಿದರು. ಅದೇ ಚಾಕುವಿನಿಂದ ಮ್ಯಾಟಿನ ಉದ್ದನೆಯ ಅಂಚಿನಲ್ಲಿ 14 ಇಂಚು ಹೊಲಿಗೆ ಬಿಚ್ಚಿದೆ. ರೆಕ್ಸಿನ್ ಒಂದೆಳೆಯೂ ಕೊಯ್ದಿಲ್ಲ. ನನ್ನ ಹೊಲಿಗೆಯನ್ನು ನಾನೇ ಬಿಚ್ಚಿದ್ದು. ಒಳಗಿನ ಬಿಳಿ ಚೀಲ ಸೀಳಿದಾಗ, ನಡುಭಾಗದ ಫೋಮ್ ಒಣ ಬ್ರೆಡ್ಡಿನ ಹಾಗೆ ಪುಡಿಪುಡಿಯಾಗಿ ಅಂಗೈಗೆ ಬಂತು. ಅಂಚಿನ ಸುತ್ತ ಒಂದಡಿ ಮಾತ್ರ ಗಟ್ಟಿ ಉಳಿದಿತ್ತು. ನಾನು ಐದು ತಿಂಗಳ ಹಿಂದೆ ಅಂಗೈಯಿಂದ ಒತ್ತಿ ನೋಡಿದ ಜಾಗವೇ ಅದು.

ಅಷ್ಟರಲ್ಲಿ ಕಾರ್ಯದರ್ಶಿಯವರು ಮೈಕು ಹಿಡಿದುಕೊಂಡೇ ಓಡಿ ಬಂದರು. ತಲೆ ಕೆಟ್ಟಿದೆಯೇನ್ರೀ ಎಂದು ಅವರು ಕೇಳಿದ್ದು ಇಡೀ ಹಾಲಿಗೆ ಮೈಕಿನಲ್ಲಿ ಕೇಳಿಸಿತು. ಪೊಲೀಸರಿಗೆ ಹೇಳುತ್ತೇನೆ ಎಂದದ್ದೂ ಕೇಳಿಸಿತು. ಆಮೇಲೆ ಮೂಲೆಯ ಕೆಂಪು ಹೊಲಿಗೆ ತೋರಿಸಿ, "ಇದನ್ನ ಹೊಲಿದವರು ನೀವೇ ಅಲ್ವೇನ್ರೀ? ಐದು ತಿಂಗಳು ಸುಮ್ನಿದ್ದು ಇವತ್ತು ಸ್ಪರ್ಧೆ ಹಾಳು ಮಾಡೋಕೆ ಬಂದ್ರಾ?" ಎಂದರು. ಹಾಲಿನಲ್ಲಿದ್ದ ಇನ್ನೂರು ಜನ ನನ್ನ ಕಡೆ ತಿರುಗಿದರು. ನಂದಲ್ಲ ಎಂದುಬಿಡಬಹುದಿತ್ತು. ಅದನ್ನು ತಡೆಯಲಿಕ್ಕೇ ನಮ್ಮಪ್ಪ ಆ ಕೆಂಪು ದಾರ ಕಲಿಸಿದ್ದು. ಹೌದು, ನಾನೇ ಹೊಲಿದದ್ದು, ಒಳಗೆ ನೋಡದೆ ಹೊಲಿದೆ, ಬೆಳಿಗ್ಗೆ ಪರೀಕ್ಷೆ ಮಾಡದೆಯೇ ಸರಿಯಿದೆ ಎಂದು ನನ್ನ ಹೆಂಡತಿಗೆ ಸುಳ್ಳು ಹೇಳಿದೆ ಎಂದು ಹೇಳಿದೆ. ಮೈಕು ಅವರ ಕೈಯಲ್ಲೇ ಇದ್ದುದರಿಂದ ಅದೂ ಎಲ್ಲರಿಗೂ ಕೇಳಿಸಿತು.

ಕಾರ್ಯದರ್ಶಿಯವರು ಆಗ ಬಿಚ್ಚಿದ ಹೊಲಿಗೆಯ ಮೇಲೆ ಟೇಪು ಅಂಟಿಸಲು ಹೇಳಿದರು. ಮುಂದಿನ ಹುಡುಗಿ ಓಡಲಿ, ಹಾರದವರ ಹೆಸರು ತೆಗೆದುಹಾಕಲಾಗುವುದು ಎಂದು ಘೋಷಿಸಿದರು. ನನ್ನ ಪಿತ್ತ ನೆತ್ತಿಗೇರಿತು. ಮಿಡತೆ ಓಟದ ಆ ತುದಿಯಲ್ಲಿ, ಅಂಗೈಗೆ ಬಿಳಿಪುಡಿ ಹಚ್ಚಿಕೊಂಡು ನಿಂತು ನನ್ನನ್ನೇ ನೋಡುತ್ತಿದ್ದಳು. ಐದು ವರ್ಷದ ದುಡಿಮೆ, ಶಿಬಿರ, ಎಲ್ಲ ಅವಳ ಮುಖದಲ್ಲಿತ್ತು. ಬೇಡ ಎನ್ನುವ ಬದಲು ಬಿಚ್ಚಿದ ಅಂಚನ್ನೇ ಹಿಡಿದು ಕೂತೆ.

ಆಗ ಗ್ಯಾಲರಿಯಿಂದ ನನ್ನ ಹೆಂಡತಿ ಇಳಿದು ಬಂದಳು. ನನ್ನ ಕಡೆ ನೋಡಲೂ ಇಲ್ಲ. ಮೊದಲು ಅಂಚೆಯಣ್ಣನ ಮಗಳ ಕಾಲು ಮುಟ್ಟಿ ನೋಡಿ, ಉಳುಕಿದಂತಿದೆ, ಆದರೂ ಎಕ್ಸ್‌ರೇ ತೆಗೆಸಲೇಬೇಕು ಎಂದು ಅಂಚೆಯಣ್ಣನಿಗೆ ಹೇಳಿದಳು. ಆಮೇಲೆ ಮ್ಯಾಟಿನ ಬಳಿ ಕೂತು, ನಾನು ಬಿಚ್ಚಿದ ಜಾಗದಲ್ಲಿ ಕೈ ಹಾಕಿದಳು. ಮೊಣಕೈವರೆಗೆ ಹೋಯಿತು. ಕೈ ಹೊರತೆಗೆದು, ಅಂಗೈಯ ಪುಡಿ ನೋಡಿ, ಸೆರಗಿನಿಂದ ಒರೆಸಿಕೊಂಡು, ಮ್ಯಾಟಿನ ನಡುಮಧ್ಯೆ ಹೋಗಿ ಚಕ್ಕಳಮಕ್ಕಳ ಹಾಕಿ ಕೂತಳು. "ಇದನ್ನ ಇಲ್ಲಿಂದ ತೆಗೆಯೋವರೆಗೂ ನಾನು ಏಳಲ್ಲ. ಯಾರಾದ್ರೂ ಹಾರ್ಲೇಬೇಕಂದ್ರೆ ನನ್ನ ತಲೆ ಮೇಲೆ ಹಾರ್ಲಿ" ಎಂದಳು. ಸಮಯ 11-05.

ಮೊದಲು ಎದ್ದದ್ದು ಅಂಚೆಯಣ್ಣ. ಮಗಳನ್ನು ಎತ್ತಿಕೊಂಡೇ ಬಂದು ಮ್ಯಾಟಿನ ಪಕ್ಕ ಕೂತರು. ಆಮೇಲೆ ಒಬ್ಬ ತಾಯಿ ಬಂದರು. ಹೋದ ವರ್ಷ ಮಗಳ ಹಲ್ಲು ಮುರಿದಾಗ ಮನೆಯಲ್ಲಿ ಯಾರಿಗೂ ಹೇಳದೆ ಒಬ್ಬರೇ ಅತ್ತದ್ದನ್ನು ಅಲ್ಲಿ ಕೂತುಕೊಂಡು ಹೇಳಿದರು. ಒಬ್ಬ ತಂದೆ, ಪ್ರತಿ ಸಲವೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಪೆನ್ನು ಎರಡು ಸಲ ಕೆಳಗಿಟ್ಟುಬಿಡುತ್ತೇನೆ, ಬೇರೆ ಯಾರಿಗೂ ಹಾಗಾಗುವುದಿಲ್ಲವೆಂದು ತಿಳಿದಿದ್ದೆ ಎಂದರು. ಐದು ವರ್ಷ ಒಂದೇ ಗ್ಯಾಲರಿಯಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತವರು ನಾವು, ಈ ಮಾತು ಯಾರೂ ಆಡಿರಲಿಲ್ಲ. 11-20ರ ಹೊತ್ತಿಗೆ 27 ಜನ ಪೋಷಕರು ಮ್ಯಾಟಿನ ಮೇಲೂ ಓಟದ ದಾರಿಯ ಮೇಲೂ ಕೂತಿದ್ದರು. ಕೋಚ್ ಮೇಡಂ 28ನೆಯವರು. ಅವರ ಮೊಣಕಾಲು ಹಳೆಯ ಪೆಟ್ಟಿನಿಂದ ಬಾಗುವುದಿಲ್ಲವಾದ್ದರಿಂದ ಕುರ್ಚಿ ಹಾಕಿಕೊಂಡು ಕೂತರು.

ಬೇರೆ ಮ್ಯಾಟ್ ಎಲ್ಲಿಂದ ತರಲಿ, ಆಕಾಶದಿಂದ ಉದುರಿಸಲೇ ಎಂದು ಕಾರ್ಯದರ್ಶಿಯವರು ಕೇಳಿದರು. ಆಗ ಹಾಲ್ ಗುಡಿಸುವ ಅಕ್ಕ, ಗೋಡೆಗೆ ಪೊರಕೆ ಒರಗಿಸಿ, "ಅಯ್ಯೋ, ಮೇಲಿನ ಸ್ಟೋರಲ್ಲಿ ಹೊಸಾವು ಎಂಟು ಇವೆಯಲ್ಲ ಸಾರ್! ನಾಲ್ಕು ತಿಂಗಳಿಂದ ದಿನಾ ನಾನೇ ಧೂಳು ಹೊಡೀತಿದೀನಿ" ಎಂದರು. ಕಾರ್ಯದರ್ಶಿಯವರ ಮುಖ ಸುಣ್ಣದ ಹಾಗಾಯಿತು. ಅವು ಇನ್ನೂ ಉದ್ಘಾಟನೆ ಆಗಿಲ್ಲ, ದೊಡ್ಡವರೊಬ್ಬರ ದಿನಾಂಕ ಸಿಗದೆ ಇಟ್ಟಿದೆ, ಅದಕ್ಕೆ ಮೊದಲು ಮುಟ್ಟುವ ಹಾಗಿಲ್ಲ ಎಂದರು. ಸ್ಪರ್ಧೆಯ ಮುಖ್ಯ ತೀರ್ಪುಗಾರ್ತಿ ಅಲ್ಲೇ ನಿಂತಿದ್ದವರು, ಆ ಮ್ಯಾಟ್ ಹಾಕದೆ ತಾವು ಒಂದು ಅಂಕವನ್ನೂ ಕೊಡುವುದಿಲ್ಲವೆಂದು ತಿಳಿಸಿದರು.

ಸ್ಟೋರಿಗೆ 34 ಮೆಟ್ಟಿಲು. ಬೀಗದ ಕೈ ಅಕ್ಕನ ಬಳಿಯೇ ಇತ್ತು. ಎಂಟು ಮ್ಯಾಟ್ ಒಂದರ ಮೇಲೊಂದು, ಪ್ಲಾಸ್ಟಿಕ್ಕಿನ ಸಮೇತ, ಸುತ್ತಲೂ ಹಳದಿ ರಿಬ್ಬನ್, ಅಂಗೈಯಷ್ಟು ದೊಡ್ಡ ಹೂವಿನ ಗಂಟು. ಇಲ್ಲಿ ಎರಡನೇ ಆಪಾದನೆಗೆ ಬರುತ್ತೇನೆ. ರಿಬ್ಬನ್ ಕತ್ತರಿಸಿದ್ದು ಯಾರು ಎಂದು ಕೇಳಿದ್ದೀರಿ. ಚಾಕು ನನ್ನದು. ಅದನ್ನು ನಾನು ಚಾಚಿ ಹಿಡಿದದ್ದೂ ನಿಜ. ಅದನ್ನು ತೆಗೆದುಕೊಂಡು ಕತ್ತರಿಸಿದ ಕೈ ಯಾರದೆಂದು ನಾನು ನೋಡಲಿಲ್ಲ, ನಾನು ಚಪ್ಪಾಳೆ ತಟ್ಟುತ್ತಿದ್ದೆ. ಅಲ್ಲಿದ್ದವರೆಲ್ಲ ತಟ್ಟುತ್ತಿದ್ದರು. ನಾಲ್ಕು ತಿಂಗಳು ಧೂಳು ಹೊಡೆದವರಿಗಿಂತ ದೊಡ್ಡವರು ಆ ಹೊತ್ತಿಗೆ ಅಲ್ಲಿ ಯಾರೂ ಕಾಣಲಿಲ್ಲ ಎಂದಷ್ಟೇ ಹೇಳಬಲ್ಲೆ. ಇದನ್ನು ಕೇಳಿ ಸಾಹೇಬರು ನಕ್ಕದ್ದನ್ನು ಬರೆಯಬೇಡಿ ಎಂದಿರುವುದರಿಂದ ಬರೆಸಿಲ್ಲ.

ಎಂಟು ಮ್ಯಾಟನ್ನೂ ಪೋಷಕರೇ ಹೊತ್ತು ಇಳಿಸಿದೆವು. ಹಾಸಿದ ಮೇಲೆ ಒಂದೊಂದರ ನಡುವೆಯೂ ಮೊಣಕಾಲೂರಿ ಮೂರು ಎಣಿಸಿದೆ. ಸುತ್ತ ನಿಂತವರೂ ಜೋರಾಗಿ ಒಂದು, ಎರಡು, ಮೂರು ಎಂದು ಎಣಿಸಿದರು. ಎಂಟೂ ಬುಸ್ ಎಂದವು. ಕೊನೆಗೆ ಹೆಂಡತಿ ಹತ್ತಿರ ಬಂದು, "ಈಗ ಹೆಬ್ಬೆರಳು ತೋರಿಸ್ರೀ ನೋಡೋಣ" ಎಂದಳು. ತೋರಿಸಿದೆ. ನಮ್ಮ ಮನೆಯ ಲೆಕ್ಕದಲ್ಲಿ ಅದು ಕ್ಷಮೆ.

12-40ಕ್ಕೆ ಸ್ಪರ್ಧೆ ಮತ್ತೆ ಶುರುವಾಯಿತು. 1-17ಕ್ಕೆ ಮಿಡತೆಯ ಸರದಿ ಬಂತು. ಹಾರುವುದೋ ಬಿಡುವುದೋ ನಿನ್ನ ಇಷ್ಟ ಎಂದು ತಾಯಿಯೇ ಅವಳ ಬಳಿ ಹೋಗಿ ಹೇಳಿದ್ದಳು. "ಇಷ್ಟು ಜನ ಸೇರಿ ಮ್ಯಾಟ್ ಹೊತ್ತಿದ್ದು ನಾನು ಸುಮ್ನೆ ನಿಂತ್ಕೊಳ್ಳೋಕಾ?" ಎಂದಳಂತೆ. ಓಡಿದಳು. ಹಲಗೆ ತುಳಿದಳು. ಮೇಜಿನ ಮೇಲೆ ಕೈ ಊರಿ ಮೇಲೆದ್ದಳು, ಒಂದು ಪೂರ್ತಿ ಲಾಗ, ಬುಸ್. ಎರಡು ಪಾದವೂ ಇಳಿದಲ್ಲೇ ಇದ್ದವು, ಒಂದಂಗುಲ ಕದಲಲಿಲ್ಲ. ಹಾಲು ಕಿತ್ತುಹೋಗುವ ಹಾಗೆ ಕೂಗು ಎದ್ದಿತು. ಅಂಚೆಯಣ್ಣ ನನ್ನನ್ನು, ನನ್ನ 82 ಕೆ.ಜಿ.ಯನ್ನು, ನೆಲದಿಂದ ಎತ್ತಿಬಿಟ್ಟರು. ನಾನು ಮೇಲಿಂದಲೇ ಹೆಂಡತಿಯ ಕಡೆ ನೋಡಿದೆ. ಅವಳು ಕಿಟಕಿ ಎಣಿಸುತ್ತಿರಲಿಲ್ಲ. ಎರಡೂ ಕೈ ಬಾಯಿಗೆ ಒತ್ತಿಕೊಂಡು, ಕಣ್ಣು ಇಷ್ಟಗಲ ಬಿಟ್ಟು, ಮಗಳನ್ನೇ ನೋಡುತ್ತಿದ್ದಳು. ನನಗೆ ಅಳು ಬಂತು, ಅತ್ತೆ. ಮುಚ್ಚಿಡುವಂಥದ್ದೇನಿಲ್ಲ.

ಮಿಡತೆಗೆ ಎರಡನೇ ಸ್ಥಾನ ಬಂತು. ಮೊದಲನೆಯದು ಯಾರಿಗೆ ಬಂತೆಂದು ನನಗೆ ನೆನಪಿಲ್ಲ. ಅಂಚೆಯಣ್ಣನ ಮಗಳ ಎಕ್ಸ್‌ರೇ 2-30ಕ್ಕೆ ಆಯಿತು. ಮೂಳೆಗೆ ಏನೂ ಆಗಿಲ್ಲ, ಮೂರು ವಾರ ವಿಶ್ರಾಂತಿ. ಫಿಲ್ಮನ್ನು ನನ್ನ ಹೆಂಡತಿಯೇ ಬೆಳಕಿಗೆ ಹಿಡಿದು ನೋಡಿರುತ್ತಾಳೆ. ಆ ಮಗುವಿನ ಉಳುಕಿಗೆ ನಾನೇ ಕಾರಣ. ಇದನ್ನು ಅಂಚೆಯಣ್ಣನಿಗೂ ಹೇಳಿ ಕೈ ಮುಗಿದೆ. ಮೊದಲು ಮುಖ ಬೇರೆ ಕಡೆ ತಿರುಗಿಸಿದರು. ಆಮೇಲೆ, ಮುಂದಿನ ಸಲ ಒಳಗೆ ನೋಡಿ ಹೊಲಿಯಿರಿ ಮೇಷ್ಟ್ರೇ ಎಂದರು.

ಬಿಚ್ಚಿದ ಮ್ಯಾಟ್ ಸೇರಿ ನಾಲ್ಕನ್ನೂ ನಾನು ನನ್ನ ಅಂಗಡಿಗೆ ಒಯ್ದು, ಹೊಸ ಫೋಮ್ ತುಂಬಿ, ಮತ್ತೆ ಹೊಲಿದು ಕೊಡುತ್ತೇನೆ. ಕೆಂಪು ಹೊಲಿಗೆಯನ್ನೂ ಹಾಕುತ್ತೇನೆ. ಇನ್ನು ಮುಂದೆ ಪ್ರತಿ ಸ್ಪರ್ಧೆಯ ಹಿಂದಿನ ದಿನ ಪೋಷಕರೇ ಸರದಿಯಂತೆ ಎಲ್ಲ ಮ್ಯಾಟ್ ಒತ್ತಿ ನೋಡುವುದೆಂದು 27 ಜನರೂ ಒಪ್ಪಿ, ಕೋಚ್ ಮೇಡಂ ಅದನ್ನು ಬರೆದು ಹಾಲಿನ ಬಾಗಿಲಿಗೆ ಅಂಟಿಸಿರುತ್ತಾರೆ.

ಈ ಹೇಳಿಕೆ ಬರೆಸುವಾಗ ಹೆಂಡತಿ ಮತ್ತು ಮಗಳು ಹೊರಗಿನ ಬೆಂಚಿನ ಮೇಲೆ ಕೂತಿದ್ದರು. 5-30ಕ್ಕೆ ಹೆಂಡತಿ ಒಳಗೆ ಬಂದು ಹೆಡ್ ಕಾನ್‌ಸ್ಟೇಬಲ್ ಅವರ ಪೆನ್ನು ಕೇಳಿದಳು. ಚೀಲದಿಂದ ಒಪ್ಪಿಗೆ ಪತ್ರ ತೆಗೆದು, ಈ ಮೇಜಿನ ಮೇಲೆಯೇ ಇಟ್ಟು, ಗಾಯ, ಮೂಳೆ ಮುರಿತ, ಶಾಶ್ವತ ಅಂಗವೈಕಲ್ಯ ಎಂಬ ಸಾಲನ್ನು ಬೆರಳಿಟ್ಟು ಒಮ್ಮೆ ಪೂರ್ತಿ ಓದಿದಳು. ಓದಿ, ತಾಯಿಯ ಗೆರೆಯ ಮೇಲೆ ಸಹಿ ಹಾಕಿದಳು. ನಾನು ಬಾಯಿಬಿಟ್ಟು ನೋಡುತ್ತಿದ್ದುದನ್ನು ಕಂಡು, "ಇಷ್ಟು ವರ್ಷ ನಾನೊಬ್ಬಳೇ ಹೆದರ್ಕೊಂಡು ಕೂತಿದೀನಿ ಅನ್ಕೊಂಡಿದ್ದೆ. ಇವತ್ತು ಇಪ್ಪತ್ತೇಳು ಜನ ಹೆದರೋರು ಸಿಕ್ಕಿದ್ರು. ಇನ್ನು ಧೈರ್ಯವಾಗಿ ಹೆದರ್ಬಹುದು" ಎಂದಳು. ಮಿಡತೆ ಪತ್ರ ಕಿತ್ತುಕೊಂಡು ಕೋಚ್ ಮೇಡಂಗೆ ಕೊಡಲು ಓಡಿದಳು. ಹಾಲು ಇಲ್ಲಿಂದ 600 ಮೀಟರ್, ಅವಳಿಗೆ ಮೂರು ನಿಮಿಷ ಸಾಕು.

ಇಲ್ಲಿಗೆ ನನ್ನ ಮಾತು ಮುಗಿಯಿತು. ಬರೆದದ್ದನ್ನು ಓದಿ ಕೇಳಿಸಿದರು. ಬಿಚ್ಚಿ ನೋಡಿದರೂ ಒಳಗೆ ಇದೇ ಇದೆ, ಹೊರಗೊಂದು ಒಳಗೊಂದು ಇಲ್ಲ. ಕೆಂಪು ಪೆನ್ನಿನಲ್ಲಿ ಸಹಿ ಹಾಕಲು ಕೇಳಿದೆ, ಹಾಗೆ ಪದ್ಧತಿಯಿಲ್ಲ ಎಂದರು. ನೀಲಿಯಲ್ಲೇ ಹಾಕಿದ್ದೇನೆ.

ಸ್ಥಳ: ಠಾಣೆಯ ಬರಹದ ಕೋಣೆ
ದಿನಾಂಕ: 14ನೇ ತಾರೀಕು, ಭಾನುವಾರ, ಸಂಜೆ 5-48
ಸಹಿ: ಹೇಳಿಕೆ ಕೊಟ್ಟವನು, ಸೀಟು ಮೇಷ್ಟ್ರು

ಸಾಕ್ಷಿ: ಮೇಲಿನವರ ಹೆಂಡತಿ, ಎಕ್ಸ್‌ರೇ ವಿಭಾಗ. ಮ್ಯಾಟಿನ ಒಳಗೆ ಕೈ ಹಾಕಿ ನೋಡಿದ್ದೇನೆ. ಮಗಳು ಹಾರಿ ಇಳಿದದ್ದನ್ನು ಕಣ್ಣುಬಿಟ್ಟು ನೋಡಿದ್ದೇನೆ. ಎರಡೂ ನಿಜ.